ನೈವೇದ್ಯದ ಅಕ್ಕಿ ಪಾಯಸ: ರುಚಿ ನೋಡದೆ ಸಿಹಿ ಹದ ಹಿಡಿಯುವುದು

ದೇವರ ಎಡೆಗೆ ಇಡುವ ಪಾಯಸವನ್ನು ಮೊದಲು ನಾವು ಬಾಯಿಗೆ ಹಾಕಿ ನೋಡುವಂತಿಲ್ಲ. ಹೀಗಾಗಿ ಗುಡ್ಡಕ್ಕೆ ಬಂದು ಒಲೆ ಹೂಡುವ ತಾಯಂದಿರಿಗೆ ಸಿಹಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ಅಂಜಿಕೆ ಇದ್ದದ್ದೇ. ಇದಕ್ಕೆ ಅಳತೆಯೇ ಆಧಾರ.

ರುಚಿ ನೋಡುವುದಿದ್ದರೆ ಬೆಲ್ಲ ಕೊಳ್ಳುವಾಗ ಅಂಗಡಿಯಲ್ಲೇ ನೋಡ್ರಿ. ಸಂಕೇಶ್ವರ, ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆ ಕಬ್ಬಿಗೆ ಬರವಿಲ್ಲ, ಆದರೆ ಎಲ್ಲ ಬೆಲ್ಲ ಒಂದೇ ಅಲ್ಲ. ಸವಳು ನೆಲದ ಕಬ್ಬಿನ ಬೆಲ್ಲ ಉಪ್ಪುಪ್ಪಾಗಿರುತ್ತದೆ. ಇನ್ನಷ್ಟು ಹಾಕಿದರೆ ಸಿಹಿಯ ಜೊತೆ ಉಪ್ಪೂ ಏರುತ್ತದೆ. ಹಳದಿ ಹೊಳಪಿಗೆ ಮರುಳಾಗಬ್ಯಾಡ್ರಿ, ಆ ಬಣ್ಣ ಅನೇಕ ಸಲ ರಾಸಾಯನಿಕದ್ದು.

1 ವಾಟಿ ಅಕ್ಕಿಗೆ 4 ವಾಟಿ ನೀರು, 4 ವಾಟಿ ಹಾಲು, ಒಂದೂವರೆ ವಾಟಿ ಪುಡಿ ಬೆಲ್ಲ. ಸಕ್ಕರೆಯಾದರೆ ಒಂದೂಕಾಲು ಸಾಕು, ಅದರ ಸಿಹಿ ಜೋರು. ಅಕ್ಕಿ ನೀರಲ್ಲಿ ಅರೆ ಬೆಂದಾಗ ಹಾಲು ಸುರಿದು, ಅಗಳು ಬೆರಳಲ್ಲಿ ಹಿಸುಕಿದರೆ ಬೆಣ್ಣೆಯಾಗುವಷ್ಟು ಬೇಯಿಸಬೇಕು. ಬೆಲ್ಲ ಬಿದ್ದ ಮೇಲೆ ಎಷ್ಟು ಕುದಿಸಿದರೂ ಅದು ಮೆತ್ತಗಾಗದು. ಬೆಲ್ಲವನ್ನು ಬೇರೆಯಾಗಿ ಸ್ವಲ್ಪ ನೀರಲ್ಲಿ ಕರಗಿಸಿ, ಕಸ ಮರಳು ಹೋಗುವಂತೆ ಸೋಸಿರಿ. ಪಾಯಸ ಇಳಿಸಿ, ಎರಡೂ ತುಸು ಆರಿದ ನಂತರ ಕೂಡಿಸಬೇಕು. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುವ ಭಯ. ಒಡೆದದ್ದು ಎಡೆಗೆ ಬಾರದು, ಗುಡ್ಡದ ಮ್ಯಾಲೆ ಮತ್ತೆ ಹಾಲು ಎಲ್ಲಿಂದ ತರೋದು?

ಬಿಸಿ ಇರುವಾಗ ಸಿಹಿ ಹೆಚ್ಚು, ಆರಿದಾಗ ಕಡಿಮೆ ಅನಿಸುತ್ತದೆ. ಮಂದಿ ಬಹಳಿದ್ದು ಹಂಚುವುದು ತಡವಾಗುವಂತಿದ್ದರೆ 2 ಚಮಚ ಬೆಲ್ಲ ಹೆಚ್ಚಿಗೆ ಹಿಡಿಯಬಹುದು. ಆರಿದಂತೆ ಗಟ್ಟಿಯೂ ಆಗುವುದರಿಂದ ಸೌಟಿನಿಂದ ಧಾರೆಯಾಗಿ ಬೀಳುವಾಗಲೇ ಇಳಿಸಿರಿ. ಹಾಲಿನದಾದ್ದರಿಂದ ಊರಿಗೆ ಕಟ್ಟಿಕೊಂಡು ಹೋಗಬ್ಯಾಡ್ರಿ, ಇಲ್ಲೇ ಹಂಚಿ ಮುಗಿಸಿರಿ.