ಕೈ ಬಿಟ್ಟೊಡನೆ ಮಂಕಾಗುವ ಟಾರ್ಚ್

ಮಡಿವಾಳದ ಓದುಗರೇ, ಹಿಡಿ ತಿರುಗಿಸುವಷ್ಟು ಹೊತ್ತು ಬೆಳಕು, ಬಿಟ್ಟೊಡನೆ ಮಂಕು ಎಂದು ಬರೆದಿದ್ದೀರಿ. ಅಂದರೆ ಡೈನಮೊ ಚೆನ್ನಾಗಿದೆ, ಕೆಟ್ಟಿರುವುದು ಸೆಲ್. ಸ್ಕ್ರೂ ಬಿಚ್ಚಿ ನೋಡಿ: ಹಲ್ಲುಚಕ್ರಗಳು ಅಯಸ್ಕಾಂತವನ್ನು ಜೋರಾಗಿ ಸುತ್ತಿಸುತ್ತವೆ, ತಾಮ್ರದ ಸುರುಳಿಯಲ್ಲಿ ಎಸಿ ಕರೆಂಟ್ ಹುಟ್ಟುತ್ತದೆ, ಡಯೋಡ್ ಅದನ್ನು ಡಿಸಿ ಮಾಡಿ ಗುಂಡಿಯಂಥ ಸೆಲ್‌ಗೆ ಕಳಿಸುತ್ತದೆ. ಸೆಲ್ ಮೇಲೆ ‘ಸಿಆರ್ 2032’ ಎಂದಿದ್ದರೆ ಅದು ಚಾರ್ಜ್ ಆಗುವ ಜಾತಿಯದೇ ಅಲ್ಲ. ಅಗ್ಗದ ಎಷ್ಟೋ ಟಾರ್ಚ್‌ಗಳಲ್ಲಿ ಅದನ್ನೇ ಹಾಕಿರುತ್ತಾರೆ, ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಒತ್ತಾಯದಿಂದ ಚಾರ್ಜ್ ಮಾಡಿದರೆ ಸೋರಬಹುದು, ಸಿಡಿಯಲೂಬಹುದು. ತೆಗೆದುಬಿಡಿ.

ಅದರ ಬದಲಿಗೆ ಹಾಕಲು ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ 5.5 ವೋಲ್ಟ್, 1 ಫ್ಯಾರಡ್ ಸೂಪರ್ ಕೆಪಾಸಿಟರ್ ಕೇಳಿ. ನಾಣ್ಯದಾಕಾರದ್ದು ಬೇಡ, ಅದರ ಒಳಪ್ರತಿರೋಧ ಹೆಚ್ಚು. ಎರಡು ಕೊಳವೆ ಜೋಡಿಸಿದಂಥದ್ದು ಒಳ್ಳೆಯದು. ವೋಲ್ಟೇಜ್ ಮಿತಿ ಮೀರದಂತೆ ಅದಕ್ಕೆ ಅಡ್ಡಲಾಗಿ 5.1 ವೋಲ್ಟ್ ಜೀನರ್ ಡಯೋಡ್, ಪ್ರತಿ ಎಲ್‌ಇಡಿಗೂ 100 ಓಮ್ ರೆಸಿಸ್ಟರ್ ಬೆಸೆಯಿರಿ. ಒಂದೇ ಎಲ್‌ಇಡಿ ಉರಿಸಿದರೆ ಕೈ ಬಿಟ್ಟ ಮೇಲೂ ಒಂದೆರಡು ನಿಮಿಷ ಒಳ್ಳೆಯ ಬೆಳಕು ಸಿಗುತ್ತದೆ; ಕರೆಂಟ್ ಹೋದಾಗ ಮೆಟ್ಟಿಲಿಳಿಯಲು ಅಷ್ಟು ಸಾಕು.

ಒಳಗೆ ಒಂದೇ ಡಯೋಡ್ ಇದ್ದರೆ ಅರ್ಧ ಅಲೆ ವ್ಯರ್ಥ. ನಾಲ್ಕು 1ಎನ್5819 ಶಾಟ್ಕಿ ಡಯೋಡ್‌ಗಳ ಬ್ರಿಡ್ಜ್ ಹಾಕಿ. ಮುಚ್ಚುವ ಮುನ್ನ ಹಲ್ಲುಚಕ್ರಗಳಿಗೆ ಚೂರು ಸಿಲಿಕೋನ್ ಗ್ರೀಸ್ ಸವರಿ.