ಆನ್ ಆಗದ ಕಂಪ್ಯೂಟರಿನ ಮುಂದೆ ಎರಡು ಅವಧಿಗಳು: ಹತ್ತನೆಯ ತರಗತಿಯ ಒಂದು ಪಾಠದ ವಿವರ

ಬೋಧನಾಭ್ಯಾಸಕ್ಕೆ ನಾವು ಹೋಗುವ ಪ್ರೌಢಶಾಲೆಗಳ ಕಂಪ್ಯೂಟರ್ ಕೊಠಡಿಗಳಲ್ಲಿ ನಡೆಯುವ ಕಂಪ್ಯೂಟರುಗಳ ಜೊತೆಗೆ ಬಟ್ಟೆ ಹೊದಿಸಿಟ್ಟ ಕೆಲವೂ ಇರುತ್ತವೆ. ಕೇಳಿದರೆ 'ಅದು ಕೆಟ್ಟಿದೆ' ಎಂಬ ಉತ್ತರ ಬರುತ್ತದೆ. ಏನು ಕೆಟ್ಟಿದೆ ಎಂದು ಮುಂದುವರಿಸಿ ಕೇಳಿದವರು ಕಡಿಮೆ. ಹಲವು ಬಾರಿ ಕೆಟ್ಟಿರುವುದು ವಿದ್ಯುತ್ ಒದಗಿಸುವ ಪೆಟ್ಟಿಗೆ ಮಾತ್ರ. ನಮ್ಮಲ್ಲಿ ಎಲ್ಲರೂ ಅದನ್ನು ಎಸ್‌ಎಂಪಿಎಸ್ ಎನ್ನುತ್ತಾರೆ. ನಾಲ್ಕು ಸ್ಕ್ರೂ ಬಿಚ್ಚಿ ಅದನ್ನು ಬದಲಾಯಿಸಿದರೆ ಕಂಪ್ಯೂಟರ್ ಮತ್ತೆ ಆನ್ ಆಗುತ್ತದೆ. ಈ ಕೆಲಸವನ್ನು ಹತ್ತನೆಯ ತರಗತಿಯ ವಿದ್ಯುತ್ ಘಟಕದ ಮುಂದುವರಿದ ಪಾಠವಾಗಿ ಎರಡು ಅವಧಿಗಳಲ್ಲಿ ನಾನು ಪ್ರಾತ್ಯಕ್ಷಿಕೆ ಕೊಟ್ಟೆ. ಭೌತವಿಜ್ಞಾನ ವಿಧಾನದ ಆರು ಮಂದಿ ಪ್ರಶಿಕ್ಷಣಾರ್ಥಿಗಳು ವೀಕ್ಷಣಾ ನಮೂನೆ ಹಿಡಿದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಅವರ ಟಿಪ್ಪಣಿಗಳನ್ನೂ ನನ್ನ ಟಿಪ್ಪಣಿಗಳನ್ನೂ ಸೇರಿಸಿ ಇದನ್ನು ಬರೆದಿದ್ದೇನೆ.

ಪೂರ್ವಜ್ಞಾನದ ವಿಚಾರವನ್ನು ಮೊದಲು ಹೇಳಬೇಕು, ಏಕೆಂದರೆ ಈ ಪಾಠದಲ್ಲಿ ಪೂರ್ವಜ್ಞಾನವೇ ಅಪಾಯ. ಗೃಹ ವಿದ್ಯುತ್ ಮಂಡಲದ ಪಾಠದಲ್ಲಿ ಮಕ್ಕಳು ಕೆಂಪು ಹೊದಿಕೆಯದು ಸಜೀವ ತಂತಿ, ಕಪ್ಪು ತಟಸ್ಥ, ಹಸಿರು ಭೂಸಂಪರ್ಕ ಎಂದು ಕಲಿತಿರುತ್ತಾರೆ. ಕಂಪ್ಯೂಟರಿನ ಪೆಟ್ಟಿಗೆ ತೆರೆದ ಕೂಡಲೇ ಅವರಿಗೆ ಕಾಣುವುದು ಅದೇ ಕೆಂಪು, ಅದೇ ಕಪ್ಪು, ಅದೇ ಹಸಿರು. ಅರ್ಥಗಳು ಮಾತ್ರ ಬೇರೆ. ಇಲ್ಲಿ ಕೆಂಪು ಎಂದರೆ 5 ವೋಲ್ಟ್, ಹಳದಿ 12 ವೋಲ್ಟ್, ಕಿತ್ತಳೆ 3.3 ವೋಲ್ಟ್, ನೀಲಿ ಋಣ 12 ವೋಲ್ಟ್. ಕಪ್ಪು ತಂತಿಗಳೆಲ್ಲ ಸೊನ್ನೆ ವೋಲ್ಟಿನವು. ಹಸಿರು ತಂತಿ ಭೂಸಂಪರ್ಕವೇ ಅಲ್ಲ. 'ಈಗ ಆನ್ ಆಗು' ಎಂಬ ಸಂಕೇತವನ್ನು ಮದರ್‌ಬೋರ್ಡಿನಿಂದ ಎಸ್‌ಎಂಪಿಎಸ್‌ಗೆ ಒಯ್ಯುವ ತಂತಿ ಅದು. 'ಹಸಿರು ಮುಟ್ಟಬಹುದು ಮೇಡಂ, ಅದು ಅರ್ತ್' ಎಂದು ಒಬ್ಬ ಹುಡುಗ ಧೈರ್ಯವಾಗಿ ಹೇಳಿದ. ಇಲ್ಲಿ 5 ವೋಲ್ಟಿನ ತಂತಿಯಾದ್ದರಿಂದ ಮುಟ್ಟಿದರೂ ಅವನಿಗೇನೂ ಆಗುತ್ತಿರಲಿಲ್ಲ. ಆದರೆ ಇಲ್ಲಿ ಕಲಿತ 'ಕೆಂಪು ಎಂದರೆ ಬರೀ 5 ವೋಲ್ಟ್' ಎಂಬುದನ್ನು ಅವನು ಮನೆಯ ಸ್ವಿಚ್ ಬೋರ್ಡಿಗೆ ಹೊತ್ತುಕೊಂಡು ಹೋದರೆ? ಆದ್ದರಿಂದ ಕಪ್ಪುಹಲಗೆಯನ್ನು ಎರಡು ಭಾಗ ಮಾಡಿ 'ಗೋಡೆಯ ತಂತಿ', 'ಪೆಟ್ಟಿಗೆಯ ತಂತಿ' ಎಂದು ಬರೆದೆ. ಎರಡು ಅವಧಿ ಮುಗಿಯುವವರೆಗೂ ಅದನ್ನು ಅಳಿಸಲಿಲ್ಲ. ಯಾವ ತಂತಿಯ ಬಗ್ಗೆ ಮಾತನಾಡಿದರೂ ಮೊದಲು ಯಾವ ಕಡೆಯದು ಎಂದು ಹೇಳಬೇಕೆಂಬ ಕರಾರು ಹಾಕಿದೆ. ಒಂದೇ ಗುರುತಿಗೆ ಎರಡು ಕಡೆ ಎರಡು ಅರ್ಥ ಎಂಬುದನ್ನು ಮಕ್ಕಳು ಬೇಗ ಒಪ್ಪಿಕೊಂಡರು. ಹೆಚ್ಚು ಹೊತ್ತು ತೆಗೆದುಕೊಂಡವರು ಪ್ರಶಿಕ್ಷಣಾರ್ಥಿಗಳು.

ಮೊದಲ ಅವಧಿಯಲ್ಲಿ ಯಾರೂ ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಪ್ರಶ್ನೆ ಒಂದೇ: ಗೋಡೆಯ ಸಾಕೆಟ್ಟಿನಿಂದ ಮುಂಭಾಗದ ಗುಂಡಿಯವರೆಗೆ ವಿದ್ಯುತ್ತಿನ ದಾರಿ ಎಲ್ಲಿ ಕಡಿದಿದೆ? ಮಕ್ಕಳ ಮೊದಲ ಉತ್ತರ 'ವೈರಸ್' ಎಂದಿತ್ತು. ನಗಬೇಡಿ, ಶಿಕ್ಷಕರ ಕೊಠಡಿಯಲ್ಲೂ ಇದೇ ಉತ್ತರ ಸಿಗುತ್ತದೆ. ಫ್ಯಾನೇ ತಿರುಗದ ಯಂತ್ರದಲ್ಲಿ ತಂತ್ರಾಂಶ ಓಡುವುದೇ ಇಲ್ಲ, ಹಾಗಾಗಿ ವೈರಸ್ಸಿನ ಮಾತು ಬರುವುದಿಲ್ಲ ಎಂಬ ತರ್ಕವನ್ನು ಒಬ್ಬ ಹುಡುಗಿ ತಾನೇ ಕಟ್ಟಿದಳು. ಸಾಕೆಟ್ಟಿಗೆ ಟೇಬಲ್ ಲ್ಯಾಂಪ್ ಚುಚ್ಚಿ ನೋಡಿದೆವು, ಹೊತ್ತಿತು. ಪಕ್ಕದ ನಡೆಯುವ ಕಂಪ್ಯೂಟರಿನ ಪವರ್ ಕೇಬಲ್ ತಂದು ಹಾಕಿದೆವು, ಆಗಲೂ ಆನ್ ಆಗಲಿಲ್ಲ. ಈ ಕಂಪ್ಯೂಟರಿನ ಕೇಬಲ್ಲನ್ನು ಅದಕ್ಕೆ ಹಾಕಿದೆವು, ಅದು ಆನ್ ಆಯಿತು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು, ಚರಾಂಶ ನಿಯಂತ್ರಣ ಎಂದರೆ ಇದೇ. ವಿಜ್ಞಾನ ವಿಧಾನದ ಪತ್ರಿಕೆಯಲ್ಲಿ ಪುಟಗಟ್ಟಲೆ ಬರೆಯುವ ಈ ಪದವನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಒಂದು ಕೇಬಲ್ಲಿನಲ್ಲಿ ಕಂಡದ್ದು ನನಗೆ ತೃಪ್ತಿ ಕೊಟ್ಟಿತು.

ನಂತರ ಅಳತೆ. ಕೇಬಲ್ ತೆಗೆದು, ಬದಿಯ ತಗಡು ಬಿಚ್ಚಿ, ಮದರ್‌ಬೋರ್ಡಿಗೆ ಹೋಗುವ ದೊಡ್ಡ ಕನೆಕ್ಟರನ್ನು ಹೊರತೆಗೆದೆ. 24 ರಂಧ್ರಗಳನ್ನೂ ತಂತಿಗಳನ್ನೂ ಮಕ್ಕಳೇ ಎಣಿಸಿದರು. ತಂತಿ 23 ಮಾತ್ರ! 'ಒಂದು ಕಿತ್ತುಹೋಗಿದೆ, ಅದಕ್ಕೇ ಕೆಟ್ಟಿದೆ' ಎಂದು ಇಡೀ ತರಗತಿ ತೀರ್ಪು ಕೊಟ್ಟಿತು. ಆ ರಂಧ್ರ ಖಾಲಿ ಇರಬೇಕಾದದ್ದೇ. ಹಿಂದೆ ಅಲ್ಲಿ ಋಣ 5 ವೋಲ್ಟಿನ ಬಿಳಿ ತಂತಿ ಇರುತ್ತಿತ್ತು, ಬಳಸುವ ಭಾಗಗಳೇ ಇಲ್ಲವಾದ ಮೇಲೆ ಅದನ್ನು ಕೈಬಿಟ್ಟರು. ಕಣ್ಣಿಗೆ ಕಂಡ ವ್ಯತ್ಯಾಸವೇ ದೋಷವಾಗಿರಬೇಕಿಲ್ಲ ಎಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಗಮನಿಸಬೇಕಾದ ತಂತಿ ನೇರಳೆ ಬಣ್ಣದ್ದು. ಗೋಡೆಯ ಸ್ವಿಚ್ ಹಾಕಿದ ಕೂಡಲೇ, ಮುಂಭಾಗದ ಗುಂಡಿ ಒತ್ತುವ ಮೊದಲೇ, ಇದರಲ್ಲಿ 5 ವೋಲ್ಟ್ ಇರಬೇಕು. ಶೇಕಡಾ 5ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ, ಎಂದರೆ 4.75ರಿಂದ 5.25ರವರೆಗೆ. ಮಕ್ಕಳನ್ನು ಎರಡು ಹೆಜ್ಜೆ ಹಿಂದೆ ನಿಲ್ಲಿಸಿ ನಾನೇ ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಕಪ್ಪು ತಂತಿಗೂ ಕೆಂಪು ಕಡ್ಡಿಯನ್ನು ನೇರಳೆಗೂ ತಾಗಿಸಿದೆ. ಓದಿದ್ದು 0.00. ಸಾಕೆಟ್ ಸರಿ, ಕೇಬಲ್ ಸರಿ, ಹಿಂದಿನ ಸ್ವಿಚ್ ಆನ್ ಇದೆ, ಮದರ್‌ಬೋರ್ಡ್ ಎಳೆಯುತ್ತಿದೆ ಎನ್ನೋಣವೆಂದರೆ ಕನೆಕ್ಟರ್ ಹೊರಗಿದೆ. ಉಳಿದದ್ದು ಎಸ್‌ಎಂಪಿಎಸ್ ಒಂದೇ. ಅಂಗಡಿಗಳಲ್ಲಿ ಹಸಿರು ಮತ್ತು ಕಪ್ಪು ತಂತಿಗಳನ್ನು ಪೇಪರ್ ಕ್ಲಿಪ್ಪಿನಿಂದ ಜೋಡಿಸಿ ಫ್ಯಾನ್ ತಿರುಗುತ್ತದೆಯೇ ನೋಡುವ ರೂಢಿಯಿದೆ. ತರಗತಿಯಲ್ಲಿ ನಾನದನ್ನು ಮಾಡುವುದಿಲ್ಲ. ಕ್ಲಿಪ್ಪನ್ನು ತಂತಿಗೆ ಚುಚ್ಚಬಹುದು ಎಂದು ಮಕ್ಕಳು ನೋಡಿ ಕಲಿಯುವುದು ಬೇಡ; ಫ್ಯಾನ್ ತಿರುಗಿದ ಮಾತ್ರಕ್ಕೆ ಹೊರೆ ಹೊತ್ತಾಗ ವೋಲ್ಟೇಜ್ ನಿಲ್ಲುತ್ತದೆ ಎಂದು ಸಿದ್ಧವಾಗುವುದೂ ಇಲ್ಲ.

ಹಿಂದಿನ ವರ್ಷ ಇನ್ನೊಂದು ಅಭ್ಯಾಸ ಶಾಲೆಯಲ್ಲಿ ನಡೆದ ಅವಘಡವೊಂದನ್ನು ಇಲ್ಲಿ ಹೇಳಬೇಕು. ಹಳೆಯ ಎಸ್‌ಎಂಪಿಎಸ್‌ಗಳ ಬೆನ್ನಿನಲ್ಲಿ 230 ಮತ್ತು 115 ಎಂದು ಗುರುತಿರುವ ಸಣ್ಣ ಕೆಂಪು ಸ್ವಿಚ್ ಇರುತ್ತದೆ. ಒಬ್ಬ ಹುಡುಗ ಪೆನ್ನಿನ ಕ್ಯಾಪಿನಿಂದ ಅದನ್ನು 115ಕ್ಕೆ ಸರಿಸಿದ್ದ. ಮರುದಿನ ಪ್ರಶಿಕ್ಷಣಾರ್ಥಿಯೊಬ್ಬರು ಗೋಡೆಯ ಸ್ವಿಚ್ ಹಾಕಿದಾಗ ಪಟಾಕಿಯಂಥ ಸದ್ದು, ಸುಟ್ಟ ವಾಸನೆ. ಯಾರಿಗೂ ಪೆಟ್ಟಾಗಲಿಲ್ಲ. ಹುಡುಗನಿಗೆ ಬೈಗುಳ ಸಿಕ್ಕಿತು, ಸ್ವಿಚ್ಚಿನ ವಿಷಯ ಅಲ್ಲಿಗೇ ನಿಂತಿತು. ಅವನನ್ನು ಪಕ್ಕಕ್ಕೆ ಕರೆದು 'ಯಾಕಪ್ಪ ಸರಿಸಿದೆ?' ಎಂದು ಕೇಳಿದ್ದಕ್ಕೆ, '115 ಕಮ್ಮಿ ಅಲ್ವಾ ಮೇಡಂ, ಕರೆಂಟು ಕಮ್ಮಿ ಬಂದ್ರೆ ಸೇಫ್ ಅಂದ್ಕೊಂಡೆ' ಎಂದ.

ಈ ತಪ್ಪುಕಲ್ಪನೆ ಅವನೊಬ್ಬನದಲ್ಲ. ನಮ್ಮ ತರಗತಿಯಲ್ಲೂ ಕೈ ಎತ್ತಿಸಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳು 115ನ್ನೇ ಆರಿಸಿದರು. ಆ ಸ್ವಿಚ್ ಎಷ್ಟು ವೋಲ್ಟ್ ಬೇಕೆಂದು ಕೇಳುವ ಗುಂಡಿಯಲ್ಲ. ಎಷ್ಟು ವೋಲ್ಟ್ ಬರಲಿದೆ ಎಂದು ಯಂತ್ರಕ್ಕೆ ತಿಳಿಸುವ ಗುಂಡಿ. 230 ವೋಲ್ಟ್ ಪರ್ಯಾಯ ವಿದ್ಯುತ್ತಿನ ಶಿಖರ ಬೆಲೆ 230 × 1.414, ಸುಮಾರು 325 ವೋಲ್ಟ್. ಒಳಗೆ ಸಾಲಾಗಿ ಜೋಡಿಸಿದ ಎರಡು ದೊಡ್ಡ ಕೆಪಾಸಿಟರುಗಳು ಇದನ್ನು ಹಂಚಿಕೊಳ್ಳುತ್ತವೆ, ಒಂದೊಂದಕ್ಕೆ 163ರ ಆಸುಪಾಸು. ಸ್ವಿಚ್ 115ರಲ್ಲಿದ್ದರೆ ಮಂಡಲ ದ್ವಿಗುಣಕವಾಗಿ ಒಂದೊಂದು ಕೆಪಾಸಿಟರನ್ನೂ ಪೂರ್ಣ ಶಿಖರ ಬೆಲೆಗೆ ತುಂಬುತ್ತದೆ. ಬರುವುದು 115 ಆಗಿದ್ದರೆ ಅದೂ 163 ಆಗುತ್ತಿತ್ತು. ಬರುವುದು ನಮ್ಮ 230 ಆದ್ದರಿಂದ ಒಂದೊಂದಕ್ಕೂ 325 ಬೀಳುತ್ತದೆ. ಅವುಗಳ ತಾಳಿಕೆ ಸಾಮಾನ್ಯವಾಗಿ 200 ವೋಲ್ಟ್. ದ್ವಿಗುಣಕದ ಚಿತ್ರ ಹತ್ತನೆಯ ತರಗತಿಗೆ ಹೆಚ್ಚಾಯಿತು ಎಂದು ಒಬ್ಬ ಪ್ರಶಿಕ್ಷಣಾರ್ಥಿ ಟಿಪ್ಪಣಿ ಬರೆದಿದ್ದಾರೆ, ಅದು ಸರಿ. ಚಿತ್ರ ಬಿಟ್ಟು ಲೆಕ್ಕ ಮಾತ್ರ ಇಡಬಹುದು. ಮಕ್ಕಳಲ್ಲೊಬ್ಬಳು ತಾನೇ ಹೋಲಿಕೆ ಕೊಟ್ಟಳು: 'ಕುಳ್ಳ ಬರ್ತಾನೆ ಅಂತ ಬಾಗಿಲಲ್ಲಿ ಮಣೆ ಇಟ್ಟಿದಾರೆ, ಬಂದೋನು ಉದ್ದ.' ಈಗಿನ ಹಲವು ಎಸ್‌ಎಂಪಿಎಸ್‌ಗಳಲ್ಲಿ ಆ ಸ್ವಿಚ್ಚೇ ಇಲ್ಲ, ಯಂತ್ರವೇ ಗುರುತಿಸಿಕೊಳ್ಳುತ್ತದೆ. ಶಾಲೆಗಳಲ್ಲಿ ಉಳಿದಿರುವುದು ಹಳೆಯವು.

ಎರಡನೆಯ ಅವಧಿಗೆ ಹೊಸ ಎಸ್‌ಎಂಪಿಎಸ್ ಬಂದಿತ್ತು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ 450 ವ್ಯಾಟ್ ಎಂದಿತ್ತು. ಬದಿಯ ಚೀಟಿಯಲ್ಲಿ 12 ವೋಲ್ಟಿಗೆ 16 ಆಂಪಿಯರ್. ವಿಭವಾಂತರವನ್ನು ಪ್ರವಾಹದಿಂದ ಗುಣಿಸಿದರೆ 192 ವ್ಯಾಟ್. 'ಉಳಿದದ್ದು ಎಲ್ಲಿ ಮೇಡಂ?' ಎಂಬ ಪ್ರಶ್ನೆ ನಾನು ಕೇಳುವ ಮೊದಲೇ ಬಂತು. ಸ್ವಲ್ಪ ಭಾಗ 5 ಮತ್ತು 3.3 ವೋಲ್ಟಿನ ಸಾಲುಗಳಲ್ಲಿದೆ, ಆದರೆ ಇಂದಿನ ಕಂಪ್ಯೂಟರಿಗೆ ಮುಖ್ಯವಾಗಿ ಬೇಕಿರುವುದು 12ರ ಸಾಲು. 65 ವ್ಯಾಟಿನ ಪ್ರೊಸೆಸರಿರುವ ಈ ಯಂತ್ರಕ್ಕೆ 192 ಸಾಕು ಎಂದು ಲೆಕ್ಕ ಹಾಕಿದ ಮೇಲೆಯೇ ಜೋಡಣೆಗೆ ಹೋದದ್ದು. ಪಠ್ಯದ ವಿದ್ಯುತ್ ಸಾಮರ್ಥ್ಯದ ಲೆಕ್ಕಗಳು ಎಷ್ಟೇ ಇದ್ದರೂ ಅಂಗಡಿಯ ಚೀಟಿ ಓದಲು ಬಂದ ದಿನವೇ ಆ ಸೂತ್ರ ಮಕ್ಕಳದಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಬದಲಾವಣೆಯನ್ನು ಮಕ್ಕಳೇ ಮಾಡಿದರು. ಕೇಬಲ್ ತೆಗೆದು, ಮುಂಭಾಗದ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿಹಿಡಿದು, ಪ್ರತಿಯೊಂದು ಕನೆಕ್ಟರಿನ ಫೋಟೋ ತೆಗೆದು, ಆಮೇಲೆ ಬಿಚ್ಚುವುದು. ಕನೆಕ್ಟರಿನ ಕೊಂಡಿ ಒತ್ತಿ ಎಳೆಯಬೇಕೇ ಹೊರತು ತಂತಿ ಹಿಡಿದು ಎಳೆಯಬಾರದು. ಕಾಣಿಸಿದ ತೊಡಕುಗಳು ಎರಡು. ಮೊದಲನೆಯದು, ಪ್ರೊಸೆಸರಿನ ಬಳಿಯ 4 ಪಿನ್ನಿನ ಸಣ್ಣ ಕನೆಕ್ಟರನ್ನು ಒಂದು ಗುಂಪು ಮರೆತಿತ್ತು. ಆನ್ ಮಾಡಿದಾಗ ಫ್ಯಾನ್ ತಿರುಗಿತು, ಪರದೆ ಕಪ್ಪಗೇ ಇತ್ತು. ನಾನು ಬಾಯಿ ಬಿಡಲಿಲ್ಲ. ಅವರೇ ಕೇಬಲ್ ತೆಗೆದು, ಫೋಟೋ ನೋಡಿ, ಹುಡುಕಿ ಹಾಕಿದರು. ಎರಡನೆಯದು, ಹಳೆಯ ನಾಲ್ಕು ಪಿನ್ನಿನ ಡಿಸ್ಕ್ ಕನೆಕ್ಟರನ್ನು ಒಬ್ಬ ತಿರುಗಿಸಿ ಒತ್ತುತ್ತಿದ್ದ. ಅದರ ಎರಡು ಮೂಲೆಗಳನ್ನು ಓರೆಯಾಗಿ ಕತ್ತರಿಸಿರುವುದು ಇದನ್ನು ತಡೆಯಲಿಕ್ಕೇ. ಸವೆದ ಪ್ಲಾಸ್ಟಿಕ್ಕಿನಲ್ಲಿ ಬಲ ಹಾಕಿದರೆ ಒಳಗೆ ಹೋಗಿಬಿಡುತ್ತದೆ. ಆಗ 5 ವೋಲ್ಟ್ ಬೇಕಾದಲ್ಲಿಗೆ 12 ಹೋಗಿ ಡಿಸ್ಕ್ ಸುಡುತ್ತದೆ. ಇಲ್ಲಿ ಮಾತ್ರ ನಾನು ತಡೆದೆ. ಯಾವ ತಪ್ಪನ್ನು ಮಾಡಲು ಬಿಡಬಹುದು, ಯಾವುದನ್ನು ಬಿಡಬಾರದು ಎಂದು ಶಿಕ್ಷಕರು ತರಗತಿಗೆ ಹೋಗುವ ಮೊದಲೇ ಪಾಠಯೋಜನೆಯ ಅಂಚಿನಲ್ಲಿ ಬರೆದುಕೊಳ್ಳಬೇಕು. ನಮ್ಮ ಪಾಠಯೋಜನೆಯ ನಮೂನೆಯಲ್ಲಿ ಇದಕ್ಕೆ ಕಲಂ ಇಲ್ಲ. ಇನ್ನೊಂದು ಮಾತು: ಕೆಲವು ಕಂಪನಿಗಳ ತೆಳುವಾದ ಪೆಟ್ಟಿಗೆಗಳಲ್ಲಿ ಕನೆಕ್ಟರುಗಳೇ ಬೇರೆ ಇರುತ್ತವೆ, ಅಲ್ಲಿ ಸಾಮಾನ್ಯ ಎಸ್‌ಎಂಪಿಎಸ್ ಹಾಕಲು ಹೋಗಬಾರದು.

ಕಂಪ್ಯೂಟರ್ ಆನ್ ಆಯಿತು, ಚಪ್ಪಾಳೆಯೂ ಆಯಿತು. ಆಗ ಪೆಟ್ಟಿಗೆಯ ಹಿಂಭಾಗದ ತಗಡಿಗೆ ಕೈ ತಾಗಿಸಿದ ಹುಡುಗಿ 'ಜುಮ್ ಅಂತಿದೆ ಮೇಡಂ' ಎಂದಳು. ಕೂಡಲೇ ಗೋಡೆಯ ಸ್ವಿಚ್ ಆರಿಸಿದೆ. ಪಾಠದ ಮುಖ್ಯ ಭಾಗ ಇದೇ ಎಂದು ಈಗ ಅನಿಸುತ್ತದೆ. ಹೊಸ ಎಸ್‌ಎಂಪಿಎಸ್ ಕೆಟ್ಟಿರಲಿಲ್ಲ. ಅದರೊಳಗೆ ಸಜೀವ ತಂತಿಯಿಂದಲೂ ತಟಸ್ಥ ತಂತಿಯಿಂದಲೂ ತಗಡಿಗೆ ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತದೆ, ವಿದ್ಯುತ್ ಗದ್ದಲವನ್ನು ಭೂಮಿಗೆ ಹರಿಸಲು. ಭೂಸಂಪರ್ಕವೇ ಇಲ್ಲದಿದ್ದರೆ ತಗಡು ಎರಡರ ನಡುವೆ ತೂಗುತ್ತ 230ರ ಅರ್ಧ, ಸುಮಾರು 115 ವೋಲ್ಟಿನಲ್ಲಿ ನಿಲ್ಲುತ್ತದೆ. ಆ ಕೆಪಾಸಿಟರುಗಳ ಮೂಲಕ ಹರಿಯುವ ಪ್ರವಾಹ ಒಂದು ಮಿಲಿಆಂಪಿಯರಿಗಿಂತ ಕಡಿಮೆಯಾದ್ದರಿಂದ ಬರೀ ಜುಮ್ ಎನ್ನುತ್ತದೆ. ಆದರೆ ನಾಳೆ ಒಳಗೆ ಸಜೀವ ತಂತಿಯೇ ತಗಡಿಗೆ ತಾಗಿದರೆ ಅದನ್ನು ಭೂಮಿಗಿಳಿಸುವ ದಾರಿ ಆ ಕೋಣೆಯಲ್ಲಿ ಇಲ್ಲ. ಸಾಕೆಟ್ಟಿನಲ್ಲಿ ಮೂರು ರಂಧ್ರಗಳಿದ್ದವು. ಮೂರನೆಯದರ ಹಿಂದೆ ತಂತಿ ಇತ್ತೇ ಎಂದು ಯಾರೂ ನೋಡಿರಲಿಲ್ಲ. ಮುಖ್ಯೋಪಾಧ್ಯಾಯರು ಎಲೆಕ್ಟ್ರಿಷಿಯನ್ನರನ್ನು ಕರೆಸಿದರು. ಆ ಸಾಲಿನ ಎಲ್ಲ ಸಾಕೆಟ್ಟುಗಳಲ್ಲೂ ಹಸಿರು ತಂತಿ ಬೋರ್ಡಿನವರೆಗೆ ಬಂದು ಅಲ್ಲಿಗೇ ನಿಂತಿತ್ತು. ಅದನ್ನು ಜೋಡಿಸುವವರೆಗೆ ಕೊಠಡಿಗೆ ಬೀಗ ಹಾಕಲಾಯಿತು.

ಪಾಠದ ನಂತರದ ಚರ್ಚೆಯಲ್ಲಿ ಒಬ್ಬ ಪ್ರಶಿಕ್ಷಣಾರ್ಥಿ, 'ಇಷ್ಟು ಅಪಾಯವಿರುವಾಗ ವಿಡಿಯೋ ತೋರಿಸಿದರೆ ಸಾಲದೇ?' ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ವಿಡಿಯೋದಲ್ಲಿ ತಗಡು ಜುಮ್ ಎನ್ನುವುದಿಲ್ಲ, ಆ ಕೋಣೆಯ ಭೂಸಂಪರ್ಕದ ದೋಷ ಹಾಗೆಯೇ ಉಳಿಯುತ್ತಿತ್ತು. ಒಂದು ವಿಷಯದಲ್ಲಿ ಮಾತ್ರ ಅವರೊಡನೆ ನನ್ನದು ಪೂರ್ಣ ಒಪ್ಪಿಗೆ: ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನು ಶಿಕ್ಷಕರಾಗಲಿ ಮಕ್ಕಳಾಗಲಿ ತೆರೆಯಕೂಡದು. ಕೇಬಲ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರುಗಳಲ್ಲಿ ಆ 325 ವೋಲ್ಟ್ ಉಳಿದಿರಬಹುದು, ಕೆಟ್ಟ ಪೆಟ್ಟಿಗೆಯಲ್ಲಂತೂ ಅದು ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಹೇಳಲಾಗದು. ತೆಗೆದ ಹಳೆಯದನ್ನು ಮಾದರಿ ಮಾಡಲು ಬಿಚ್ಚಿಕೊಡಿ ಎಂದು ಇಬ್ಬರು ಹುಡುಗರು ಕೇಳಿದರು. ಕೊಡಲಿಲ್ಲ. ಅದರ ಮೇಲೆ 'ತೆರೆಯಬಾರದು' ಎಂದು ಚೀಟಿ ಅಂಟಿಸಿ, ದಾಸ್ತಾನು ವಹಿಯಲ್ಲಿ ನಮೂದಿಸಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಲು ಶಾಲೆಯ ಕಪಾಟಿನಲ್ಲಿ ಇಡಲಾಗಿದೆ.