ಗೋಸುಂಬೆ ಮರಿ ಸಾಕಬೇಕೆಂದ ಮಗುವಿಗೆ



ಗುಬ್ಬಿಯ ನಿಮ್ಮ ತೋಟದ ಬೇಲಿ ಬದಿಯಲ್ಲಿ ಮಣ್ಣು ತೆಗೆಯುವಾಗ ಸಿಕ್ಕ ಮರಿಗಳನ್ನು ರಟ್ಟಿನ ಡಬ್ಬದಲ್ಲಿಟ್ಟು ಫೋಟೊ ಕಳಿಸಿದ್ದೆ. ಮುಚ್ಚಳದಲ್ಲಿ ಇಟ್ಟ ನೀರನ್ನು ಕುಡಿಯುತ್ತಿಲ್ಲ, ಏನು ತಿನ್ನಿಸಲಿ ಅಂತ ಕೇಳಿದ್ದೆ. "ಈಗಲೇ ಹೋಗಿ ಅದೇ ಬೇಲಿಗೆ ಬಿಟ್ಟು ಬಾ" ಎಂದಷ್ಟೇ ನಾನು ಫೋನಿನಲ್ಲಿ ಹೇಳಿದೆ. ನೀನು ಬಿಟ್ಟು ಬಂದೆ, ಆದರೆ ನಿನಗೆ ಬೇಜಾರಾಗಿದೆ ಅಂತ ಅಮ್ಮ ಹೇಳಿದರು. ಗುಬ್ಬಿ, ಕುಣಿಗಲ್ ಕಡೆಯ ಬೇರೆ ಮಕ್ಕಳಿಗೂ ಇದೇ ಆಸೆ ಬರಬಹುದು. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಿನ್ನ ಫೋಟೊದಲ್ಲಿದ್ದವು ಓತಿಕ್ಯಾತದ ಮರಿಗಳಲ್ಲ. ಇಕ್ಕಳದ ಹಾಗೆ ಎರಡು ಕಡೆಯಿಂದ ಕಡ್ಡಿ ಹಿಡಿಯುವ ಪಾದ, ಸುರುಳಿ ಸುತ್ತಿದ ಬಾಲ, ಒಂದು ಮುಂದೆ ಒಂದು ಹಿಂದೆ ನೋಡುವ ಕಣ್ಣು: ಇವು ಗೋಸುಂಬೆಯವೇ. ತಾಯಿ ಗಿಡದಿಂದಿಳಿದು, ನೆಲ ತೋಡಿ ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ ಹೊರಟುಹೋಗುತ್ತದೆ. ಮತ್ತೆ ಬಂದು ನೋಡುವುದಿಲ್ಲ. ತಿಂಗಳುಗಟ್ಟಲೆ ನೆಲದೊಳಗಿದ್ದು ಮರಿಗಳು ತಾವೇ ಮೇಲೆ ಬರುತ್ತವೆ. ಗುಟುಕು ಕೊಡುವವರು, ಬೇಟೆ ಕಲಿಸುವವರು ಅವಕ್ಕೆ ಬೇಕಿಲ್ಲ. ಮೈಯುದ್ದವನ್ನೂ ಮೀರಿ ಚಾಚುವ ನಾಲಗೆಯೊಂದಿಗೇ ಹುಟ್ಟಿರುತ್ತವೆ. ಅವು ಅನಾಥವಾಗಿವೆ ಎಂದುಕೊಂಡು ನೀನು ಮರುಗಿದೆ. ನಿನ್ನ ಕರುಣೆ ನನಗೆ ಸಂತೋಷ ತಂದಿತು, ಆದರೆ ಅವು ಅನಾಥವಲ್ಲ.

ನೀರು ಯಾಕೆ ಕುಡಿಯಲಿಲ್ಲ ಅಂತೀಯಾ? ನಿಂತ ನೀರನ್ನು ಅವು ನೀರೆಂದು ಗುರುತಿಸುವುದೇ ಅಪರೂಪ. ಎಲೆಯ ಮೇಲೆ ಮಿನುಗುವ ಇಬ್ಬನಿಯನ್ನೋ ಮಳೆಹನಿಯನ್ನೋ ನೆಕ್ಕುತ್ತವೆ. ಡಬ್ಬದ ಒಳಗೆ ಬೆಳಗ್ಗೆ ಸಂಜೆ ಹನಿ ಸಿಂಪಡಿಸಿದರೂ ಗಾಳಿಯಾಡದೆ ಬೂಷ್ಟು ಹಿಡಿಯುತ್ತದೆ, ಸಿಂಪಡಿಸದಿದ್ದರೆ ಅಷ್ಟು ಸಣ್ಣ ಮೈ ಬೇಗ ಒಣಗುತ್ತದೆ. ಊಟವೂ ಹಾಗೇ. ಬಾಯಿಗೆ ಹಿಡಿಸುವಷ್ಟು ಚಿಕ್ಕ ಹುಳ ಬೇಕು, ಅದು ಜೀವಂತ ಅಲುಗಾಡುತ್ತಿರಬೇಕು, ದಿನವೂ ಹಲವು ಸಲ ಸಿಗಬೇಕು. ಎಲ್ಲಕ್ಕಿಂತ ಮುಖ್ಯ ನೇರ ಬಿಸಿಲು. ಬಿಸಿಲಿನ ಅತಿನೇರಳೆ ಕಿರಣ ಬಿದ್ದರೇನೇ ಅದರ ಮೈಯಲ್ಲಿ ಡಿ ಜೀವಸತ್ವ ಹುಟ್ಟಿ, ತಿಂದ ಕ್ಯಾಲ್ಸಿಯಂ ಮೂಳೆಗೆ ಹೋಗುತ್ತದೆ. ಕಿಟಕಿಯ ಗಾಜು ಆ ಕಿರಣವನ್ನು ತಡೆಯುತ್ತದೆ. ಮನೆಯೊಳಗೆ ಬೆಳೆಸಿದ ಮರಿಯ ಕಾಲು ಸೊಟ್ಟಗಾಗಿ, ದವಡೆ ಮೆತ್ತಗಾಗಿ ಕಡ್ಡಿ ಹಿಡಿಯಲೂ ಆಗದೆ ಬೀಳುತ್ತದೆ. ವಿಶೇಷ ದೀಪ, ಜಾಲರಿ ಪಂಜರ, ಮರಿಗೊಂದು ಗೂಡು ಎಂದು ಖರ್ಚು ಮಾಡುವ ಅನುಭವಿಗಳ ಕೈಯಲ್ಲೂ ಎಷ್ಟೋ ಮರಿಗಳು ಉಳಿಯುವುದಿಲ್ಲ.

ಮುಟ್ಟಿದಾಗ ಕಪ್ಪಾಗುತ್ತದೆ ಅಂತ ಗೆಳತಿಯರಿಗೆ ತೋರಿಸಿದೆಯಂತೆ. ಅದು ಹೆದರಿಕೆ, ಮಗು. ಗೋಸುಂಬೆ ಸುತ್ತಲಿನ ಬಣ್ಣಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದು ಅರ್ಧ ಸತ್ಯ. ಚಳಿ, ಬಿಸಿಲು, ಭಯ, ಜಗಳ, ಇವೇ ಅದರ ಬಣ್ಣವನ್ನು ಹೆಚ್ಚು ಆಳುತ್ತವೆ. ಚರ್ಮದೊಳಗಿನ ಅತಿ ಸೂಕ್ಷ್ಮ ಹರಳುಗಳ ನಡುವಿನ ಅಂತರ ಹಿಗ್ಗಿ ಕುಗ್ಗಿ ಬಣ್ಣ ಬದಲಾಗುವುದನ್ನು 2015ರಲ್ಲಿ ಜಿನೀವಾದ ವಿಜ್ಞಾನಿಗಳು ಮಡಗಾಸ್ಕರ್‌ನ ಗೋಸುಂಬೆಯಲ್ಲಿ ತೋರಿಸಿಕೊಟ್ಟರು.

ಕಾನೂನಿನ ಮಾತೂ ತಿಳಿದಿರಲಿ. ನಮ್ಮ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಹಿಡಿಯುವುದೂ, ಮೊಟ್ಟೆ ಕೆದಕುವುದೂ ಆ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ. ಬೆಂಗಳೂರಿನ ಅಣ್ಣ ವಿದೇಶಿ ಗೋಸುಂಬೆ ಕೊಡಿಸುತ್ತೇನೆ ಅಂದಿದ್ದಾನಲ್ಲ, ಅಂಥವನ್ನು ಸಾಕುವವರೂ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಮರಿಯಾದರೆ ಅದನ್ನೂ ತಿಳಿಸಬೇಕು. ನನ್ನನ್ನು ಕೇಳಿದರೆ ಅದೂ ಬೇಡ.

ಹಾಗಾದರೆ ನಿನಗೆ ಉಳಿದದ್ದೇನು? ಬಹಳವಿದೆ. ರಾತ್ರಿ ಊಟವಾದ ಮೇಲೆ ಅಪ್ಪನ ಜೊತೆ ಬ್ಯಾಟರಿ ಹಿಡಿದು ಬೇಲಿ ಉದ್ದಕ್ಕೂ ಹೋಗು. ಹಾವಿನ ಭಯವಿದೆ, ಬೂಟು ಹಾಕಿಕೋ. ಮಲಗಿದ ಗೋಸುಂಬೆ ಮೈ ಬಣ್ಣ ಬಿಳಿಚಿಸಿಕೊಂಡು ತೆಳು ಕಡ್ಡಿಯ ತುದಿಯಲ್ಲಿರುತ್ತದೆ, ಬೆಳಕು ಬಿದ್ದರೆ ಎದ್ದು ಕಾಣುತ್ತದೆ. ಮುಟ್ಟಬೇಡ. ಯಾವ ಗಿಡ, ಎಷ್ಟು ಎತ್ತರ, ಎಷ್ಟು ಮರಿ ಎಂದು ತಾರೀಖು ಹಾಕಿ ಬರೆದಿಡು. ಒಂದು ವರ್ಷ ಬರೆದರೆ ಪುಸ್ತಕದಲ್ಲಿ ಸಿಗದ ವಿದ್ಯೆ ನಿನ್ನದಾಗುತ್ತದೆ.

ರಸ್ತೆ ದಾಟುತ್ತಿರುವುದು ಕಂಡರೆ ಬಾಲ ಹಿಡಿದೆತ್ತಬೇಡ. ಎದುರಿಗೆ ಕಡ್ಡಿಯೊಡ್ಡು, ತಾನೇ ಹತ್ತುತ್ತದೆ. ಅದು ಹೋಗುತ್ತಿದ್ದ ಕಡೆಯ ಗಿಡಕ್ಕೇ ಬಿಡು. ಹತ್ತಿಸಲು ದೊಡ್ಡವರನ್ನು ಕರೆ. ಬಿ.ಎಚ್. ರಸ್ತೆಯಲ್ಲಾಗಲಿ ಕುಣಿಗಲ್ ಹೆದ್ದಾರಿಯಲ್ಲಾಗಲಿ ನೀನು ಇಳಿಯಕೂಡದು. ಗಾಯವಾಗಿದ್ದರೆ ಅರಣ್ಯ ಇಲಾಖೆಯ 1926ಕ್ಕೆ ಫೋನು ಮಾಡಿಸು. ವಿಷದ ಪ್ರಾಣಿ, ಅಪಶಕುನ ಎಂದು ಕಲ್ಲೆತ್ತುವವರಿಗೆ ಅದಕ್ಕೆ ವಿಷವೇ ಇಲ್ಲವೆಂದು ಧೈರ್ಯವಾಗಿ ಹೇಳು.

ಈ ಮರಿಗಳಿಗೆ ಬೇಕಾದ ಹುಳ, ಹನಿ, ಬಿಸಿಲು, ಕಡ್ಡಿ ಎಲ್ಲವೂ ಇರುವ ಒಂದೇ ಜಾಗ ಆ ಹಳೇ ಬೇಲಿ. ಜೆಸಿಬಿ ತರಿಸಿ ಅದನ್ನು ಕಿತ್ತು ತಂತಿಬೇಲಿ ಹಾಕಿಸುವ ಯೋಚನೆ ಅಪ್ಪನಿಗಿದೆ ಎಂದು ಕೇಳಿದೆ. ತಂತಿ ಬೇಕಾದರೆ ಬೇಲಿಯ ಒಳಬದಿಗೆ ಹಾಕಿಸಲಿ, ಗಿಡಗಳನ್ನು ಉಳಿಸಲಿ, ಬುಡಕ್ಕೆ ಕಳೆನಾಶಕ ಹೊಡೆಸದಿರಲಿ. ನಾನು ಹೇಳಿದೆನೆಂದು ಅಪ್ಪನಿಗೆ ಈ ಕಾಗದ ಓದಿ ಹೇಳು.

ಇಂತಿ ನಿನ್ನ
ಮೇಷ್ಟ್ರು ತಾತ, ತುಮಕೂರು